ಉದ್ದ ತೋಳಿನ ಬೇಸಿಗೆ

ಟೇಲರಮ್ಮ ಒಮ್ಮೆ ಮಾತಿನ ಭರದಲ್ಲಿ ತಮ್ಮನ್ನೇ ಒಂದು ಪರದೆಗೆ ಹೊಲಿದುಕೊಂಡಿದ್ದರು. ಶಾಲೆಯೊಂದರ ವೇದಿಕೆಗೆಂದು ಹೊಲಿಯಲು ಬಂದಿದ್ದ ಕೆಂಪು ಮಖಮಲ್ಲಿನ ಪರದೆ ಅದು. ಒಯ್ಯಲು ಸ್ವತಃ ಹೆಡ್‌ಮಿಸ್ಟ್ರೆಸ್ ಬಂದು ಕೂತಿದ್ದರು. ಇನ್ನೊಂದು ಗಜದಷ್ಟು ಅಂಚು ಬಾಕಿಯಿತ್ತು. ಆ ಒಂದು ಗಜ ಮುಗಿಯುವಷ್ಟರಲ್ಲಿ ಟೇಲರಮ್ಮ ಔಷಧಿ ಅಂಗಡಿಯವನ ಮಂಡಿನೋವು, ಮಹಡಿ ಮನೆಯವರ ನೀರಿನ ತೊಟ್ಟಿ, ಈಗಿನ ಕಾಲದ ದಾರದ ಗುಣಮಟ್ಟ, ಈ ಮೂರನ್ನೂ ಮುಗಿಸಿ ನಾಲ್ಕನೆಯ ವಿಷಯಕ್ಕೆ ಕೈ ಹಾಕಿದ್ದರು. ಹೆಡ್‌ಮಿಸ್ಟ್ರೆಸ್ ಪರದೆಯನ್ನು ಹೆಗಲಿಗೇರಿಸಿ ಎರಡು ಹೆಜ್ಜೆ ಇಟ್ಟರು. ಟೇಲರಮ್ಮನೂ ಹಿಂದೆಯೇ ಹೊರಟರು. ಅವರ ಉದ್ದ ಅಂಗಿಯ ತುದಿ ಪರದೆಯ ಅಂಚಿನೊಳಗೆ ಡಬಲ್ ಹೊಲಿಗೆಯಲ್ಲಿ ಭದ್ರವಾಗಿ ಸೇರಿಹೋಗಿತ್ತು. ಬರೀ ಪರದೆ ಸಾಕಿತ್ತು ಎಂದರಂತೆ ಹೆಡ್‌ಮಿಸ್ಟ್ರೆಸ್. ಬಿಚ್ಚಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯಲ್ಲಿ ನಾಲ್ಕನೆಯ ವಿಷಯವೂ ಮುಗಿಯಿತು.

ಅವರ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಎರಡು ಮಿಷನ್ನು, ಮಂಚದಷ್ಟು ದೊಡ್ಡ ಮೇಜು, ಒಂದು ನಿಲುವುಗನ್ನಡಿ, ಬಟ್ಟೆ ತೊಡಿಸಿ ನೋಡಲು ತಲೆಯಿಲ್ಲದ ಒಂದು ಗೊಂಬೆ. ತಲೆಯಿಲ್ಲದ್ದರಿಂದಲೇ ಅದು ಇಷ್ಟು ವರ್ಷ ಅಲ್ಲಿ ನಿಂತಿದೆ, ಕಿವಿ ಇದ್ದಿದ್ದರೆ ಎಂದೋ ಓಡಿಹೋಗುತ್ತಿತ್ತು ಎಂಬುದು ಎದುರಿನ ಕ್ಷೌರದಂಗಡಿಯವನ ಅಭಿಪ್ರಾಯ. ಕಿವಿ ಇದ್ದೂ ಓಡಿಹೋಗದ ಜೀವ ಆ ಮನೆಯಲ್ಲಿ ಒಂದಿತ್ತು. ಅದು ಟೇಲರಮ್ಮನ ತಂಗಿಯ ಮಗಳು. ಕಾಲೇಜು ಹತ್ತಿರವೆಂದು ಎರಡು ವರ್ಷದಿಂದ ದೊಡ್ಡಮ್ಮನ ಜೊತೆಗಿದ್ದಳು. ಹುಟ್ಟಿದಾಗ ಕೋಟಿನ ಗುಂಡಿಯಷ್ಟು ದುಂಡಗಿದ್ದಳೆಂದು ದೊಡ್ಡಮ್ಮನೇ ಅವಳನ್ನು ಗುಂಡಿ ಎಂದು ಕರೆದಿದ್ದರು. ಇಪ್ಪತ್ತರ ಹೊತ್ತಿಗೆ ಮೈ ದುಂಡಗೇನೂ ಇರಲಿಲ್ಲ, ಬಾಯಿ ಮಾತ್ರ ಗುಂಡಿ ಹಾಕಿದಂತೆಯೇ ಇತ್ತು. ಸಂಜೆ ಬಂದು ಅಂಗಿಗಳ ಗುಂಡಿತೂತಿಗೆ ಕಾಜಾ ಮಾಡುತ್ತಾ ಕೂರುವಳು. ದೊಡ್ಡಮ್ಮ ಆಡುವರು, ಇವಳು ಕೇಳುವಳು. ಇಷ್ಟು ಒಳ್ಳೆಯ ಕೇಳುಗಿ ಮನೆಯಲ್ಲೇ ಇರುವಾಗ ಅವಳಿಗೂ ಏನಾದರೂ ಹೇಳುವುದಿದೆಯೇ ಎಂದು ಕೇಳಬೇಕೆಂದು ಟೇಲರಮ್ಮನಿಗೆ ಎಂದೂ ಹೊಳೆದಿರಲಿಲ್ಲ.

ಆ ವರ್ಷ ಬಿಸಿಲು ಏರುವ ಹೊತ್ತಿಗೆ ಗುಂಡಿ ಎರಡು ಟಾಪಿನ ಬಟ್ಟೆ ತಂದುಕೊಟ್ಟು, ತೋಳು ಮಣಿಕಟ್ಟಿನವರೆಗೂ ಇರಲಿ ಎಂದಳು. ಕಾಲೇಜು ಹುಡುಗಿ ಬೇಸಿಗೆಯಲ್ಲಿ ಉದ್ದ ತೋಳು ಕೇಳುತ್ತಾಳೆ ಎಂದರೆ ಅದು ಫ್ಯಾಷನ್ನೇ ಇರಬೇಕು. ಮೂವತ್ತು ವರ್ಷದ ವೃತ್ತಿಯಲ್ಲಿ ಫ್ಯಾಷನ್ನು ಬೀದಿಗೆ ಬರುವ ಮೊದಲು ತಮ್ಮ ಮನೆಗೇ ಬಂದಿದ್ದು ಇದೇ ಮೊದಲೆಂದು ಟೇಲರಮ್ಮ ಹಿಗ್ಗಿದರು. ಕೇಳದೆಯೇ ಮೂವರು ಗಿರಾಕಿಗಳಿಗೆ ಉದ್ದ ತೋಳು ಹೊಲಿದುಕೊಟ್ಟರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು ವಾರದೊಳಗೆ ಬೆವರು ಒರೆಸಿಕೊಳ್ಳುತ್ತಾ ಬಂದು, ತಾನು ಕೊಟ್ಟಿದ್ದು ಟಾಪಿನ ಬಟ್ಟೆ, ವಾಪಸು ಸಿಕ್ಕಿದ್ದು ಕಂಬಳಿ ಎಂದು ದೂರಿದಳು. ಟೇಲರಮ್ಮ ಆಕೆಗೆ ಫ್ಯಾಷನ್ನಿನ ಮೇಲೆ ಕಾಲು ಗಂಟೆ ಪಾಠ ಮಾಡಿದರು. ಮೂಲೆಯಲ್ಲಿ ಕಾಜಾ ಮಾಡುತ್ತಿದ್ದ ಗುಂಡಿ ತಲೆ ಎತ್ತಲಿಲ್ಲ.

ಎರಡನೆಯ ಟಾಪು ತೊಡಿಸಿ ನೋಡುವ ದಿನ ಮಣಿಕಟ್ಟು ಬಿಗಿಯಾಯಿತು. ಅಭ್ಯಾಸಬಲದಿಂದ ಟೇಲರಮ್ಮ ಹುಡುಗಿಯ ಟಾಪಿನ ತೋಳನ್ನು ಸರ್ರನೆ ಮೊಣಕೈವರೆಗೆ ಮಡಚಿದರು. ಅಲ್ಲಿ ಗಾಯದ ಗುರುತುಗಳಿದ್ದವು. ಕೆಲವು ಮಾಸಿದ್ದವು, ಕೆಲವು ಮಾಸಿರಲಿಲ್ಲ. ಬಿದ್ದ ಗಾಯವಲ್ಲ, ಒಲೆಯ ಕೆಲಸವಲ್ಲ, ಬೆಕ್ಕಂತೂ ಅವರ ಮನೆಯಲ್ಲಿ ಇರಲೇ ಇಲ್ಲ.

"ಯಾರು ಮಾಡಿದ್ದು ಇದು?"

"ನಾನೇ, ದೊಡ್ಡಮ್ಮ."

ಟೇಲರಮ್ಮ ಮೊದಲು ಕೂತರು. ಆಮೇಲೆ ಶುರು ಮಾಡಿದರು. ಯಾವ ಹುಡುಗ ಅಂತ ಕೇಳಿದರು. ಊಟಕ್ಕೆ ಕಮ್ಮಿಯಾಗಿತ್ತಾ, ಬಟ್ಟೆಗೆ ಕಮ್ಮಿಯಾಗಿತ್ತಾ ಎಂದರು. ನಿನ್ನಮ್ಮನಿಗೆ ಏನಂತ ಮುಖ ತೋರಿಸಲಿ ಎಂದು ಅತ್ತರು. ನಾಲ್ಕು ಜನ ತಿರುಗಿ ನೋಡಲಿ ಅಂತ ಮಾಡಿಕೊಂಡೆಯಾ ಎಂದೂ ಒಂದು ಮಾತು ಬಾಯಿಂದ ಬಿತ್ತು. ಕೊನೆಗೆ, ಇನ್ನು ಮಾಡುವುದಿಲ್ಲವೆಂದು ಆಣೆ ಇಡು ಎಂದರು. ಗುಂಡಿ ಆಣೆ ಇಟ್ಟಳು. ಆ ಮಾತಿನ ಮಳೆ ನಿಲ್ಲಿಸಲು ಅವಳ ಹತ್ತಿರ ಬೇರೆ ಕೊಡೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಟೇಲರಮ್ಮ ಮನೆಯಲ್ಲಿದ್ದ ಹರಿತವಾದ ಸಾಮಾನನ್ನೆಲ್ಲ ಒಂದು ಟ್ರಂಕಿನಲ್ಲಿ ತುಂಬಿ ಬೀಗ ಹಾಕಿ, ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡರು. ಹೊರಗುಳಿದದ್ದು ಅವರ ನಾಲಿಗೆ ಮಾತ್ರ. ಆಮೇಲೆ ಅಂಗಡಿ ತೆರೆದು ಮಿಷನ್ನಿನ ಮುಂದೆ ಕೂತಾಗ ತಾವು ದರ್ಜಿ ಎಂಬುದು ನೆನಪಾಯಿತು. ದಾರವನ್ನು ಹಲ್ಲಿನಲ್ಲಿ ಕಡಿದರು. ನೇರ ಬಟ್ಟೆಯನ್ನು ಕೈಯಲ್ಲೇ ಹರಿದರು. ಆದರೆ ಶರ್ಟಿನ ಕಾಲರು ನೇರವಾಗಿರುವುದಿಲ್ಲ, ಅದನ್ನು ಹರಿದರೆ ಗಿರಾಕಿ ನಮ್ಮನ್ನು ಹರಿಯುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಕ್ಷೌರದಂಗಡಿಯವನಿಂದ ಮೀಸೆ ಕತ್ತರಿಯನ್ನು ಸಾಲ ತಂದರು. ಅವನು ಬಾಗಿಲಲ್ಲೇ ಕಾವಲು ನಿಂತ, ಏಕೆಂದರೆ ಅವನಲ್ಲೂ ಗಿರಾಕಿಯೊಬ್ಬ ಅರ್ಧ ಮೀಸೆಯಲ್ಲಿ ಕೂತಿದ್ದ. ಮೀಸೆ ಕತ್ತರಿಯಲ್ಲಿ ಕತ್ತರಿಸಿದ ಆ ಶರ್ಟು ಮುಗಿದಾಗ ಅದರ ಅಂಚಿಗೇ ನೂಲಿನ ಮೀಸೆ ಬಂದಿತ್ತು.

ಟ್ರಂಕಿಗೆ ಬೀಗ ಬಿದ್ದ ಮೂರನೆಯ ದಿನ ಗುಂಡಿ ಬ್ಯಾಗು ತುಂಬಿಕೊಂಡು ಬಂದು ನಿಂತಳು. ಹಾಸ್ಟೆಲಿನಲ್ಲಿ ಒಂದು ಜಾಗ ಖಾಲಿಯಿದೆಯಂತೆ, ಸೋಮವಾರದಿಂದ ಅಲ್ಲಿಗೆ ಹೋಗುತ್ತೇನೆ ಎಂದಳು. ಟೇಲರಮ್ಮ ಕೀಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಯಾಕೆ? ನಾನು ಏನೇನು ಮಾಡಿದೀನಿ ನೋಡಿದೀಯಲ್ಲ."

"ನೋಡಿದೆ. ಮೂರು ದಿನದಿಂದ ಆ ಟ್ರಂಕನ್ನೇ ನೋಡ್ಕೊಂಡು ಕೂತಿದೀಯ. ನನ್ನ ಕಡೆ ನೋಡೇ ಇಲ್ಲ."

ಟೇಲರಮ್ಮನಿಗೆ ಉತ್ತರ ಬರಲಿಲ್ಲ. ಬೀದಿಯ ಇತಿಹಾಸದಲ್ಲಿ ಇದು ದಾಖಲಾಗಬೇಕಾದ ಸಂಗತಿ. ಆದರೆ ಅವರಿಗೆ ಒಂದು ವಿಷಯ ಸ್ಪಷ್ಟವಾಗಿ ಕಂಡಿತು. ಹುಡುಗಿ ಹಾಸ್ಟೆಲಿಗೆ ಹೋದರೆ ಉದ್ದ ತೋಳು ಹಾಗೇ ಉಳಿಯುತ್ತದೆ, ಅದನ್ನು ಮಡಚಿ ನೋಡುವವರು ಅಲ್ಲಿ ಒಬ್ಬರೂ ಇರುವುದಿಲ್ಲ. ಸೋಮವಾರಕ್ಕೆ ಇನ್ನು ನಾಲ್ಕೇ ದಿನ.

ಮಾನಸಿಕ ಆರೋಗ್ಯದ ಕ್ಲಿನಿಕ್ಕಿನಲ್ಲಿ ಆಪ್ತಸಲಹೆ ನೀಡುವ ಡಾಕ್ಟರಮ್ಮ ಅವರದೇ ಗಿರಾಕಿ. ಟೇಲರಮ್ಮ ಅಲ್ಲಿಗೆ ಹೋಗಿ, ತಮಗೆ ಪರಿಚಯದವರೊಬ್ಬರ ಮನೆಯಲ್ಲಿ ಹೀಗಂತೆ ಎಂದು ಶುರು ಮಾಡಿದರು. ಆ ಪರಿಚಯದವರ ವಯಸ್ಸು, ವೃತ್ತಿ, ಬಾಯಿಂದ ಬಿದ್ದ ಮಾತು, ಆಣೆ, ಟ್ರಂಕು, ಮೀಸೆ ಕತ್ತರಿ ಎಲ್ಲವನ್ನೂ ವಿವರವಾಗಿ ಹೇಳಿದ ಮೇಲೆ ಡಾಕ್ಟರಮ್ಮ ನಗದೆ, ಆ ಪರಿಚಯದವರು ತುಂಬ ಹೆದರಿದ್ದಾರೆ ಅನ್ನಿಸುತ್ತದೆ ಎಂದರು. ಟೇಲರಮ್ಮ ಕಣ್ಣೊರೆಸಿಕೊಂಡು, ಹೌದು, ಪಾಪ, ತುಂಬ ಹೆದರಿದ್ದಾರೆ ಎಂದರು.

ಆಮೇಲೆ ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು. ನಾಲ್ಕು ಜನ ನೋಡಲಿ ಎಂದು ಮಾಡುವವರು ಸುಡು ಬಿಸಿಲಲ್ಲಿ ತೋಳು ಮುಚ್ಚಿಕೊಂಡು ಓಡಾಡುವುದಿಲ್ಲ. ಒಳಗಿನ ಸಂಕಟಕ್ಕೆ ಮಾತು ಸಿಗದೆ, ಅದನ್ನು ತಾಳಲಾರದೆ ಮಾಡಿಕೊಳ್ಳುವವರೇ ಹೆಚ್ಚು. ಒಂದು ಗಳಿಗೆ ಹಗುರ ಅನ್ನಿಸಬಹುದು, ಆಮೇಲೆ ನಾಚಿಕೆ ಬರುತ್ತದೆ, ಆ ನಾಚಿಕೆಯೂ ಸಂಕಟಕ್ಕೇ ಸೇರುತ್ತದೆ. ಆಣೆ ಹಾಕಿಸಬೇಡಿ, ಅದು ಮುರಿದ ದಿನ ನಿಮ್ಮಿಂದ ಮುಚ್ಚಿಡಲು ಅವಳಿಗೆ ಇನ್ನೊಂದು ವಿಷಯ ಸಿಕ್ಕಂತಾಗುತ್ತದೆ. ಮನೆಯಲ್ಲಿ ಏನನ್ನು ದೂರ ಇಡೋಣ ಎಂದು ಅವಳನ್ನೇ ಕೇಳಿ, ಇಬ್ಬರೂ ಸೇರಿ ಇಡಿ. ಸಾಯಬೇಕು ಅನ್ನಿಸುತ್ತದಾ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡದೆ ಆಗಲೇ ಕರೆದುಕೊಂಡು ಬನ್ನಿ. ಇಲ್ಲವೆಂದರೂ ಅವಳು ಒಪ್ಪಿದಾಗ ಕರೆತನ್ನಿ.

"ಅವಳನ್ನ ಮಾತಾಡಿಸಬೇಕು ಅಂತೀರಾ, ಮೇಡಂ?"

"ಹೌದು. ಮಾತಾಡಿಸಿ ಅಂದೆ, ಮಾತಾಡಿ ಅನ್ನಲಿಲ್ಲ," ಎಂದರು ಡಾಕ್ಟರಮ್ಮ. ಅವರು ಹತ್ತು ವರ್ಷದ ಗಿರಾಕಿ.

ಟೇಲರಮ್ಮ ಮನೆಗೆ ಬಂದು ಕೀಲಿಯನ್ನು ಮೇಜಿನ ಮೇಲಿಟ್ಟರು. ಆಣೆಯನ್ನು ವಾಪಸು ತಗೊಂಡಿದೀನಿ, ಅವತ್ತು ಆಡಿದ ಮಾತಿನಲ್ಲಿ ಒಂದು ಮಾತಂತೂ ಆಡಬಾರದಿತ್ತು ಎಂದರು. ಆಮೇಲೆ ಗುಂಡಿಯ ಎದುರು ಕೂತು, ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದನ್ನು ಕೇಳಿದರು.

"ಸಾಯಬೇಕು ಅನ್ಸುತ್ತಾ, ಪುಟ್ಟಿ?"

ಗುಂಡಿ ಮೇಜಿನ ಮೇಲಿದ್ದ ಕೀಲಿಯನ್ನು ಎತ್ತಿಕೊಂಡಳು. "ಇಲ್ಲ. ಒಳಗಡೆ ಸುಮ್ಮನಾಗಬೇಕು ಅನ್ಸುತ್ತೆ."

ಇಬ್ಬರೂ ಸೇರಿ ಟ್ರಂಕು ತೆಗೆದರು. ಹೆಚ್ಚಿನದು ಮೇಜಿಗೆ ಮರಳಿತು. ಒಂದೆರಡು ಸಾಮಾನನ್ನು ಗುಂಡಿ ತಾನಾಗಿಯೇ ದೊಡ್ಡಮ್ಮನ ಕೈಗೆ ಕೊಟ್ಟು, ಇದು ನಿನ್ನ ಹತ್ತಿರ ಇರಲಿ ಎಂದಳು. ಆದರೆ ತುಂಬಿದ ಬ್ಯಾಗು ಬಾಗಿಲ ಪಕ್ಕದಲ್ಲೇ ಕೂತಿತ್ತು.

ಶನಿವಾರ ಮಧ್ಯಾಹ್ನ ಟೇಲರಮ್ಮ ಗೊಂಬೆಗೆ ದೊಡ್ಡ ಘೇರಿನ ಲಂಗವೊಂದನ್ನು ತೊಡಿಸಿ, ನೆಲದ ಮೇಲೆ ಮಂಡಿಯೂರಿ ಅದರ ಸುತ್ತ ಅಂಚು ಒಂದೇ ಮಟ್ಟಕ್ಕೆ ಬರುವಂತೆ ಗುರುತು ಹಾಕುತ್ತಿದ್ದರು. ಗುಂಡಿ ಬಂದು ಪಕ್ಕದಲ್ಲಿ ಕೂತಳು. ಇದ್ದಕ್ಕಿದ್ದಂತೆ ಶುರು ಮಾಡಿದಳು. ಮನೆಯಲ್ಲಿ ಅಪ್ಪ ಅಮ್ಮ ಜಗಳವಾಡಿದಾಗೆಲ್ಲ ಇಬ್ಬರೂ ಅವಳಿಗೇ ಫೋನು ಮಾಡುತ್ತಾರಂತೆ. ಅವರು ಹೇಳಿದ್ದು, ಇವರು ಹೇಳಿದ್ದು ಎಲ್ಲವನ್ನೂ ಕೇಳಿಸಿಕೊಂಡು ಇಬ್ಬರಿಗೂ ಸಮಾಧಾನ ಹೇಳಬೇಕಂತೆ. ಒಂದು ಪರೀಕ್ಷೆಯಲ್ಲಿ ಫೇಲಾದದ್ದನ್ನು ಯಾರಿಗೂ ಹೇಳಿರಲಿಲ್ಲವಂತೆ. ಅಂಗಡಿಯ ಎರಡೂ ಮಿಷನ್ನು ಎದೆಯೊಳಗೆ ಒಟ್ಟಿಗೆ ಓಡಿದ ಹಾಗೆ ಆಗುತ್ತದಂತೆ, ಸ್ವಿಚ್ಚು ಎಲ್ಲಿದೆಯೋ ಗೊತ್ತಾಗುವುದಿಲ್ಲವಂತೆ.

ಟೇಲರಮ್ಮ ಒಂದು ಮಾತೂ ಆಡಲಿಲ್ಲ. ಅಲ್ಲಲ್ಲಿ ಹ್ಞೂಂ ಎಂದರು. ತಂಗಿಯ ಗಂಡನ ವಿಷಯ ಬಂದಾಗ ಹ್ಞೂಂ ಸ್ವಲ್ಪ ಜೋರಾಯಿತು, ಅಷ್ಟೇ. ಲಂಗದ ಘೇರಿನ ಸುತ್ತಳತೆ ಐದು ಗಜ. ಅದರ ಸುತ್ತ ಮಂಡಿಯಲ್ಲೇ ತೆವಳುತ್ತಾ ಒಂದು ಸುತ್ತು ಮುಗಿಸಿದರು. ಹುಡುಗಿಯ ಮಾತು ಮುಗಿದಿರಲಿಲ್ಲ, ಮತ್ತೊಂದು ಸುತ್ತು ಹೊರಟರು. ಮುಕ್ಕಾಲು ಗಂಟೆಯಾದ ಮೇಲೆ ಗುಂಡಿ ಮೂಗು ಒರೆಸಿಕೊಂಡು ಎದ್ದು ಬ್ಯಾಗನ್ನು ಒಳಗೆ ಒಯ್ದಳು. ಸೋಮವಾರ ಹಾಸ್ಟೆಲಿನ ಬದಲು ಇಬ್ಬರೂ ಕ್ಲಿನಿಕ್ಕಿಗೆ ಹೋದರು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದೇನಲ್ಲ. ಮಳೆಗಾಲದಲ್ಲಿ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ ಹಳೆಯದು ಮರಳಿತು. ಎರಡು ಸಲವೂ ಗುಂಡಿ ತಾನೇ ಬಂದು ತೋಳು ಚಾಚಿದಳು. ಟೇಲರಮ್ಮ ತೊಳೆದು, ಔಷಧಿ ಹಚ್ಚಿ ಪಟ್ಟಿ ಕಟ್ಟಿದರು. ಪಾಠ ಮಾಡಲಿಲ್ಲ. ಪಟ್ಟಿಯ ಅಂಚು ಓರೆಯಾಯಿತೆಂದು ಮೂರು ಸಲ ಬಿಚ್ಚಿ ಕಟ್ಟಿದಾಗ ಹುಡುಗಿಗೇ ನಗು ಬಂದು, ಸಾಕು ಬಿಡು, ಇದನ್ನೇನು ಗಿರಾಕಿಗೆ ಕೊಡಬೇಕಾ ಎಂದಳು. ನಡುವೆ ಒಂದು ದಿನ ದೊಡ್ಡಮ್ಮ ತಂಗಿಗೆ ಫೋನು ಮಾಡಿ, ನಿಮ್ಮ ಜಗಳಗಳನ್ನು ಇನ್ನು ಮೇಲೆ ನನಗೆ ಹೇಳಿ, ನನಗೂ ಮಾತಿಗೆ ವಿಷಯ ಬೇಕು ಎಂದಿದ್ದರು. ಒಂದೇ ವಾರದಲ್ಲಿ ಎರಡೂ ಕಡೆಯಿಂದ ಜಗಳದ ಫೋನು ಬರುವುದು ನಿಂತಿತು.

ವರ್ಷ ತುಂಬಿದಾಗ ಡಾಕ್ಟರಮ್ಮ ಇಂಥ ಮಕ್ಕಳ ಮನೆಯವರನ್ನು ಒಂದು ಶನಿವಾರ ಕ್ಲಿನಿಕ್ಕಿಗೆ ಕರೆದು, ದುಂಡಗೆ ಕುರ್ಚಿ ಹಾಕಿ ಕೂರಿಸಿದರು. ಎಂಟು ಮಂದಿ ಬಂದಿದ್ದರು. ಬಸ್ ಓಡಿಸುವ ತಂದೆಯೊಬ್ಬ ಬರೆದುಕೊಳ್ಳಲು ನೋಟ್‌ಬುಕ್ಕನ್ನೇ ತಂದಿದ್ದ. ತನ್ನ ಮಗ ಏನೂ ಬಾಯಿ ಬಿಡುವುದಿಲ್ಲ, ತಾನು ಏನು ಹೇಳಿದರೂ ತಪ್ಪಾಗುತ್ತದೆ ಎಂದು ಅವನು ತಲೆ ತಗ್ಗಿಸಿದ. ಡಾಕ್ಟರಮ್ಮ ಟೇಲರಮ್ಮನ ಕಡೆ ತಿರುಗಿದರು. ಇವರ ಮನೆಯ ಹುಡುಗಿ ಕಷ್ಟವಾದಾಗ ತಾನಾಗಿಯೇ ಇವರ ಹತ್ತಿರ ಬರುತ್ತಾಳೆ, ಅದು ಸಣ್ಣ ಮಾತಲ್ಲ ಎಂದು ಎಲ್ಲರಿಗೂ ಹೇಳಿದರು.

"ಅವಳು ಹಾಗೆ ಬಂದು ಕೂತಾಗ ನೀವು ಏನು ಹೇಳ್ತೀರಿ, ಟೇಲರಮ್ಮ? ಇವರಿಗೂ ಹೇಳಿ."

ಉಳಿದ ಕುರ್ಚಿಗಳೆಲ್ಲ ಸ್ವಲ್ಪ ಮುಂದಕ್ಕೆ ಸರಿದವು. ಬಸ್ಸಿನವನು ಪೆನ್ನಿನ ಮುಚ್ಚಳ ತೆಗೆದ.

"ನಾನೇನೂ ಹೇಳಲ್ಲ, ಮೇಡಂ," ಎಂದರು ಟೇಲರಮ್ಮ. "ಅವಳು ಬರೋದೇ ನಾನು ಅಂಚಿಗೆ ಗುರುತು ಹಾಕ್ತಾ ಇರೋವಾಗ. ಬಾಯಿ ತುಂಬ ಗುಂಡುಸೂಜಿ ಕಚ್ಕೊಂಡಿರ್ತೀನಿ."