ಮುದ್ದಣ್ಣನಿಗೆ ಬಾರದ ಸೊಟ್ಟ ಗೋಡೆ

ಮತ್ತೋಡಿನ ಗಾರೆ ಮೇಸ್ತ್ರಿ ಮುದ್ದಣ್ಣ ನಲವತ್ತು ವರ್ಷ ಗೋಡೆಗಳ ಡೊಂಕು ತಿದ್ದಿಕೊಂಡೇ ಬದುಕಿದವನು. ಅವನು ಮೆತ್ತಿದ ಗೋಡೆಯ ಮೇಲೆ ಇರುವೆಯೂ ಜಾರುತ್ತದೆ ಎನ್ನುತ್ತಿದ್ದರು. ಹೋದ ವರ್ಷ ಮಾಡದಕೆರೆಯ ರೇವಣಸಿದ್ದಪ್ಪನವರು ಅಜ್ಜನ ಕಾಲದ ಮನೆಯನ್ನು ಹಳತು, ಹೊಸತು ಬೆರೆಸಿ ಚೆಂದ ಮಾಡಿಸಲು ಅವನನ್ನೇ ಕರೆದರು. ಸಾಗುವಾನಿ ಕಂಬಗಳ ಪಕ್ಕದಲ್ಲೇ ಗಾಜಿನ ಬಚ್ಚಲು ಎದ್ದಿತು. ಮಾನ ಮುಚ್ಚುವುದೊಂದನ್ನು ಬಿಟ್ಟರೆ ಅದರಲ್ಲಿ ಸಕಲ ಸೌಕರ್ಯವೂ ಇತ್ತು.

ತಕರಾರು ಬಂದದ್ದು ಪಡಸಾಲೆಯ ಗೋಡೆಗೆ. ಮುದ್ದಣ್ಣ ಅದಕ್ಕೆ ಕನ್ನಡಿಯಂತೆ ನುಣುಪಾಗಿ ಮಣ್ಣು ಮೆತ್ತಿದ್ದ. ಮನೆಯ ವಿನ್ಯಾಸ ಮಾಡಿದ್ದ ಕೀರ್ತನಾ ಮುಖ ಕಿವುಚಿದಳು.

"ತುಂಬಾ ನೀಟಾಗಿದೆ ಮೇಸ್ತ್ರಿ. ಹಳ್ಳಿ ಮನೆ ಅನ್ನಿಸ್ಬೇಕು, ಸ್ವಲ್ಪ ಸೊಟ್ಟ ಮಾಡಿ."

"ಸೊಟ್ಟ ಮಾಡಾಕೆ ನಂಗೆ ಬರಾದಿಲ್ರಿ ಮೇಡಮ್ಮೋರೆ," ಎಂದ ಮುದ್ದಣ್ಣ.

ಆದರೂ ಮೂರು ಸಲ ಕೆತ್ತಿ ಮೂರು ಸಲ ಮೆತ್ತಿದ. ಕೈ ಮಾತು ಕೇಳಲಿಲ್ಲ, ಗೋಡೆ ಪ್ರತಿ ಸಲವೂ ನೆಟ್ಟಗೇ ಆಯಿತು. ಕೊನೆಗೆ ಕರಣೆ ಎಸೆದು ಬೇವಿನ ಮರದ ಕೆಳಗೆ ಕೂತ. ಬುತ್ತಿ ತಂದಿದ್ದ ಹೆಂಡತಿ ಹುಚ್ಚಕ್ಕ, "ಇಷ್ಟಕ್ಕೆಲ್ಲ ಏನ್ ರೋಷ? ಉಣ್ಣು ನೀನು," ಎಂದು ಸೆರಗು ಸಿಕ್ಕಿಸಿ, ಕುರಿಹಟ್ಟಿಗೆ ಮೆತ್ತಿದ ಹಾಗೆ ಅಂಗೈಯಲ್ಲೇ ಗೋಡೆ ಪೂರಾ ಮೆತ್ತಿಬಿಟ್ಟಳು.

ಕೀರ್ತನಾ ಚಪ್ಪಾಳೆ ತಟ್ಟಿದಳು. ಗೃಹಪ್ರವೇಶದ ದಿನ ರೇವಣಸಿದ್ದಪ್ಪನವರು ಹುಚ್ಚಕ್ಕನಿಗೆ ಶಾಲು ಹೊದಿಸಿ, ಕಲಾವಿದೆ ಎಂದು ನೆಂಟರಿಗೆ ಪರಿಚಯಿಸಿದರು. ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿಯೊಬ್ಬರು ತಮ್ಮ ಮನೆಗೂ ಅಂಥದೇ ಗೋಡೆ ಬೇಕೆಂದರು.

"ಬರ್ತೀನಿ ಬಿಡ್ರಿ. ಮಣ್ಣು ಕಲಸಾಕೆ ನಮ್ ಯಜಮಾನ್ರು ಅವ್ರೆ," ಎಂದಳು ಹುಚ್ಚಕ್ಕ.

ಮುದ್ದಣ್ಣ ಹೋಳಿಗೆಯಿಂದ ತಲೆ ಎತ್ತಲಿಲ್ಲ. ಆದರೆ ಹಿರಿಯೂರಿಗೆ ಹೋದ, ಒಂದು ಹರಳೂ ಸಿಗದಂತೆ ಮಣ್ಣನ್ನು ಜರಡಿ ಹಿಡಿದೇ ಕಲಸಿಕೊಟ್ಟ.