ಜಗಳದ ಉಪವಾಸ

ಹಣೆಗೆ ಹಚ್ಚಿದ ಬೂದಿಯನ್ನು ಎಷ್ಟು ಹೊತ್ತಿಗೆ ತೊಳೆಯಬೇಕು ಎಂಬ ಪ್ರಶ್ನೆಗೆ ನಾನು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಧರ್ಮೋಪದೇಶದಲ್ಲಿ ಉತ್ತರವಿರಲಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಮೊದಲ ದಿನವಾದ ವಿಭೂತಿ ಬುಧವಾರದಂದು ಫಾದರ್ ಹಿಂದಿನ ವರ್ಷದ ಗರಿಗಳ ಹಬ್ಬದಲ್ಲಿ ಹಿಡಿದ ಒಣಗಿದ ಗರಿಗಳನ್ನು ಸುಟ್ಟ ಬೂದಿಯಿಂದ ನಮ್ಮ ಹಣೆಯ ಮೇಲೆ ಶಿಲುಬೆ ಬರೆದು, ನಾವು ಮಣ್ಣೆಂದು ನೆನಪಿಸಿ ಕಳಿಸುತ್ತಾರೆ. ಅಲ್ಲಿಂದಾಚೆ ಮಣ್ಣಿನ ಪಾಡು ಮಣ್ಣಿಗೆ. ರಾಯದುರ್ಗದ ಬಿಸಿಲಿಗೆ ಬೆವರಿಳಿದು ಶಿಲುಬೆ ಹುಬ್ಬಿನವರೆಗೆ ಜಾರಿ, ಜೀನ್ಸ್ ಹೊಲಿಯುವ ಮಷಿನುಗಳು ಗುಡುಗುವ ನಮ್ಮ ಗಲ್ಲಿಯಲ್ಲಿ ನಡೆದುಬರುವಾಗ, ನಿವೃತ್ತ ಕನ್ನಡ ಟೀಚರಾದ ನಾನು ಹಸಿ ಸೌದೆಯ ಒಲೆ ಊದಿ ಎದ್ದು ಬಂದವಳಂತೆ ಕಾಣುತ್ತೇನೆ.

ಪಕ್ಕದ ಮನೆಯ ಶಿವಗಂಗಮ್ಮನವರು ದಿನವೂ ವಿಭೂತಿ ಧರಿಸುವವರು. ಈ ವಿದ್ಯೆಯಲ್ಲಿ ನನಗಿಂತ ಬಹಳ ಹಿರಿಯರು. ಅಂದು ಕಾಂಪೌಂಡ್ ಗೋಡೆಯಾಚೆಯಿಂದ ನನ್ನನ್ನು ಪರೀಕ್ಷಿಸಿ, "ಟೀಚರಮ್ಮಾರ, ಇದನ್ನ ಯಾವಾಗ ತೊಳೀತೀರಿ?" ಎಂದರು. "ಗೊತ್ತಿಲ್ರಿ" ಎಂದು ಒಳಗೆ ಹೋಗಿಬಿಟ್ಟೆ. ಮುಂದಿನ ನಲವತ್ತು ದಿನ ಅವರೊಡನೆ ಅದಕ್ಕಿಂತ ದೀರ್ಘವಾದ ಸಂಭಾಷಣೆ ನಡೆಸಬಾರದೆಂದು ನಾನು ಸಂಕಲ್ಪ ಮಾಡಿ ಬಂದಿದ್ದೆ.

ಯಾಕೆಂದು ಕೇಳುತ್ತೀರಿ. ನಾವಿಬ್ಬರೂ ಆ ಗೋಡೆಯ ಎರಡು ಬದಿಯಲ್ಲಿ ನಿಂತು ಪ್ರತಿದಿನ ರಾಜಕೀಯಕ್ಕಾಗಿ ಜಗಳವಾಡುವವರು. ಅವರದು ಒಂದು ಪಕ್ಷ, ನನ್ನದು ಇನ್ನೊಂದು. ಯಾವುದು ಯಾರದೆಂದು ಹೇಳಲಾರೆ; ಹೇಳಿದರೆ ಓದುಗರಾದ ನೀವೂ ಗೋಡೆಯ ಒಂದು ಕಡೆ ಬಂದು ನಿಂತುಬಿಡುತ್ತೀರಿ. ಪೇಪರು ಬಂದೊಡನೆ ಶುರುವಾಗುವ ವಾಗ್ಯುದ್ಧ ಹಾಲು ಉಕ್ಕಿದಾಗ ಮುಗಿಯುತ್ತಿತ್ತು. ಮಧ್ಯಾಹ್ನ ಅವರ ಮನೆಯ ಚಟ್ನಿಪುಡಿ ಈಚೆಗೆ, ನಮ್ಮ ಮನೆಯ ಕರಿಬೇವು ಆಚೆಗೆ ದಾಟುತ್ತಿದ್ದವು.

ಆ ವರ್ಷ ತಪಸ್ಸುಕಾಲವೂ ಚುನಾವಣೆಯ ಕಾಲವೂ ಒಂದನ್ನೊಂದು ತುಳಿದುಕೊಂಡೇ ಬಂದವು. ರಾಯದುರ್ಗ ಆಂಧ್ರಕ್ಕೆ ಸೇರಿದ್ದರಿಂದ ನಮ್ಮ ಚರ್ಚಿನಲ್ಲಿ ಪೂಜೆ ತೆಲುಗಿನಲ್ಲಿ. ಆದರೆ ಮಡಕಶಿರಾ ಕಡೆಯ ನಮ್ಮ ಕಿರಿಯ ಫಾದರ್‌ಗೆ ಸಿಟ್ಟು ಬಂದರೆ ಕನ್ನಡವೇ ಬರುವುದು. ವಿಭೂತಿ ಬುಧವಾರದ ಉಪದೇಶದಲ್ಲಿ, "ಮಾಂಸ ಬಿಟ್ಟು ಮನುಷ್ಯರನ್ನ ತಿಂದ್ರೆ ಏನ್ ಪುಣ್ಯ ಬಂತು? ಈ ಸಲ ಜಗಳ ಬಿಡಿ. ಫೋನ್ನಾಗೆ ಬೈದು ಕಳ್ಸೋದ್ ಬಿಡಿ" ಎಂದರು. ಮಾಂಸ ಬಿಡುವುದಕ್ಕಿಂತ ಇದು ಘನವಾದ ತ್ಯಾಗವೆನಿಸಿ ನನ್ನೊಳಗಿನ ತಪಸ್ವಿನಿ ಎದ್ದು ಕುಳಿತಳು. ವಾಟ್ಸಾಪ್ ಗುಂಪುಗಳನ್ನೆಲ್ಲ ತೊರೆದೆ. ಗೋಡೆಯ ಬಳಿ ಮೌನ ತಾಳಿದೆ; ಶಿವಗಂಗಮ್ಮ ಏನೇ ಅಂದರೂ ಒಂದು ಮುಗುಳ್ನಗೆ. ಆ ನಗೆಯಲ್ಲಿ ಸಂತಳಾದ ಗರ್ವ ಒಂದಿಷ್ಟು ಬೆರೆತಿತ್ತೆಂದು ಈಗ ಅನುಮಾನ.

ಆದರೆ ಚುನಾವಣೆಯ ಹೊತ್ತಿನಲ್ಲಿ ಬಾಯಿ ಮುಚ್ಚಿದವರನ್ನು ನಮ್ಮೂರು ತಪಸ್ವಿಗಳೆಂದು ಭಾವಿಸುವುದಿಲ್ಲ. ಯಾರೋ ಬಾಯಿ ಮುಚ್ಚಿಸಿದ್ದಾರೆಂದು ಭಾವಿಸುತ್ತದೆ. ಟೀಚರಮ್ಮ ಪಾರ್ಟಿ ಬದಲಿಸಿದಳೆಂಬ ಸುದ್ದಿ ಹಬ್ಬಿತು. ಎರಡೂ ಕಡೆಯ ಕಾರ್ಯಕರ್ತರು ಮನೆಗೆ ಬಂದು, 'ನಿಮ್ಮವರ' ಓಟುಗಳನ್ನೆಲ್ಲ ಒಟ್ಟಾಗಿ ಕೊಡಿಸಬೇಕೆಂದು ಕೈಮುಗಿದರು. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಚರ್ಚಿನ ಗಾಯನ ಮಂಡಳಿಯನ್ನೇ ಇಷ್ಟು ವರ್ಷಗಳಲ್ಲಿ ಒಂದು ಶ್ರುತಿಗೆ ತರಲಾಗಿಲ್ಲ, ಇನ್ನು ಓಟುಗಳನ್ನು ತರುವವರು ಯಾರು?

ಶಿವಗಂಗಮ್ಮ ಮೊದಮೊದಲು ಕೆಣಕಿದರು. ನಮ್ಮ ನಾಯಕರ ವಿರುದ್ಧದ ಸುದ್ದಿಗಳನ್ನು ಗೋಡೆಗೆ ಕೇಳುವಂತೆ ಓದಿದರು. ನಾನು ತುಟಿ ಕಚ್ಚಿಕೊಂಡೆ. ಆಮೇಲೆ ಅವರು ಗೋಡೆಯ ಕಡೆ ಬರುವುದನ್ನೇ ನಿಲ್ಲಿಸಿದರು. ಚಟ್ನಿಪುಡಿ ನಿಂತಿತು. ನಮ್ಮ ಯಜಮಾನರು ಹುಟ್ಟಾ ಮಿತಭಾಷಿ, ವರ್ಷವಿಡೀ ಈ ಉಪವಾಸದಲ್ಲೇ ಇರುವವರು. ಬೆಳಗಿನ ಪೇಪರು ಹಿಡಿದು ಒಬ್ಬಳೇ ಕುಳಿತಾಗ ನನಗೆ ನಿಜವಾಗಿ ದಿಗಿಲಾಯಿತು. ದೇವರಿಗೆಂದು ಏನನ್ನೋ ಬಿಡಹೋಗಿ ಗೆಳತಿಯನ್ನೇ ಕಳೆದುಕೊಳ್ಳುತ್ತಿದ್ದೆ.

ಒಂದು ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿಸಿ ಬಂದರೆ ಅವರು ನಮ್ಮ ಮೆಟ್ಟಿಲ ಮೇಲೆ ಕುಳಿತಿದ್ದರು, ಕಣ್ಣು ಕೆಂಪಾಗಿತ್ತು.

"ನಾ ಏನ್ ತಪ್ ಮಾಡೀನ್ರಿ? ಯಾಕ ಮಾತಾಡವಲ್ರಿ? ನೀವು ಓಟು ಮಾರ್ಕೊಂಡೀರಿ ಅಂತಾರ ಮಂದಿ. ಅಂಥೋರಲ್ಲ ಅಂತ ನಾನಾ ಅವರ ಕೂಡ ಜಗಳಾಡಿ ಬಂದೀನಿ."

ನಾನು ಬಿಟ್ಟ ಜಗಳವನ್ನು ನನಗಾಗಿ ಅವರು ಆಡಿ ಬಂದಿದ್ದರು. ನಾಚಿಕೆಯಿಂದ ಫಾದರ್ ಹೇಳಿದ್ದನ್ನೂ ನನ್ನ ವ್ರತವನ್ನೂ ವಿವರಿಸಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕಾಶಿಗೆ ಹೋದಾಗ ನಾನೂ ಒಂದು ಬಿಟ್ಟು ಬಂದೀನ್ರಿ, ಬದನಿಕಾಯಿ. ಬಿಡಾದಿದ್ರ ಬದನಿಕಾಯಿ ಬಿಡ್ರಿ ಟೀಚರಮ್ಮಾರ. ನನ್ನ್ಯಾಕ ಬಿಟ್ರಿ?"

ಅಂದು ಮೆಟ್ಟಿಲ ಮೇಲೆ ಕುಳಿತೇ ಒಪ್ಪಂದವಾಯಿತು: ಜಗಳ ಇರಲಿ, ಬೈಗುಳ ಬೇಡ, ಶುಕ್ರವಾರ ಮಾತ್ರ ಬಾಯಿ ತೆರೆಯುವ ಮೊದಲು ಎದುರು ಪಕ್ಷದ ನಾಯಕರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಶುಕ್ರವಾರದ ಮಾಂಸ ಬಿಡುವುದು ಇದರ ಮುಂದೆ ಯಾವ ಲೆಕ್ಕ? ಮೊದಲ ಸಲ ನಾನು ಕೋಟೆಯ ಬೆಟ್ಟವನ್ನು ಬಹಳ ಹೊತ್ತು ದಿಟ್ಟಿಸಿ, "ನಿಮ್ಮೋರು ಪಂಚೆ ಭಾಳ ಚೆಂದ ಉಡ್ತಾರ್ರಿ" ಎಂದೆ. ಅವರು ಅಷ್ಟೇ ಯೋಚಿಸಿ, "ನಿಮ್ಮೋರಿಗೆ ನಿದ್ದಿ ಚೊಲೊ ಬರ್ತೈತ್ರಿ, ಸಭಾದಾಗ ನೋಡೀನಿ" ಎಂದರು. ಆದರೆ ಅಭ್ಯಾಸ ಕೆಟ್ಟದ್ದು. ಕೆಲವು ವಾರಗಳಲ್ಲಿ ಗುಮ್ಮಘಟ್ಟದ ರಸ್ತೆ ನಮ್ಮವರ ಕಾಲದಲ್ಲೇ ಆದದ್ದೆಂದು ಅವರೂ, ಕಣೇಕಲ್ಲಿನ ಕಾಲುವೆಗಾಗಿ ಅವರ ಪಕ್ಷದವರು ಓಡಾಡಿದ್ದು ನಿಜವೆಂದು ನಾನೂ ಒಪ್ಪಿಕೊಂಡೆವು. ಈಸ್ಟರ್ ಹಬ್ಬ ಮುಗಿದ ಮೇಲೂ ಶುಕ್ರವಾರದ ಕಟ್ಟಳೆಯನ್ನು ಸಡಿಲಿಸಲು ಇಬ್ಬರಿಗೂ ನೆನಪಾಗಲಿಲ್ಲ.

ಮತದಾನದ ದಿನ ಇಬ್ಬರೂ ಒಂದೇ ಆಟೋದಲ್ಲಿ ಹೋಗಿ, ಒಬ್ಬರ ಓಟನ್ನು ಒಬ್ಬರು ಹೊಡೆದುಹಾಕಿ ಬಂದೆವು. ಮನೆಯಲ್ಲೇ ಕುಳಿತಿದ್ದರೂ ಫಲಿತಾಂಶ ಅದೇ ಇರುತ್ತಿತ್ತು. ಆದರೆ ದಾರಿಯುದ್ದಕ್ಕೂ ಆಡಿದ ಜಗಳ ತಪ್ಪಿಹೋಗುತ್ತಿತ್ತು. ಗೋಡೆಯ ಬಳಿ ಇಳಿದಾಗ ಶಿವಗಂಗಮ್ಮ ನನ್ನ ಬೆರಳು ಹಿಡಿದು, ಉಗುರಿನ ಮೇಲಿನ ಶಾಯಿಯ ಗುರುತು ನೋಡಿದರು.

"ಇದನ್ನ ಯಾವಾಗ ತೊಳೀತೀರಿ?"

"ಇದು ತೊಳದ್ರ ಹೋಗಂಗಿಲ್ರಿ."

"ನೀವೂ ಹಂಗಾ ಇರ್ರಿ" ಎಂದು ಬೆರಳು ಬಿಟ್ಟು, ಹಾಲು ಕಾಯಿಸದೆ ಬಂದದ್ದು ನೆನಪಾಗಿ ಒಳಗೆ ಓಡಿದರು.