ಬಲಗಾಲಿನ ಫಿಲ್ಮ್ ಯಾಕ ಬೇಕಿತ್ತು?

ಓದೋರಿಗೆಲ್ಲ ಶರಣ್ರಿ. ದೊಡ್ಡಾವ ಆದಮ್ಯಾಲ ಓದು ಕಲ್ತಾವ ನಾನು, ಒಂದೊಂದ ಅಕ್ಷರ ಹುಡುಕಿ ಒತ್ತತೀನಿ. ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ.

ನಾನು ಸಂಡೂರು ಕಡೆ ಗಣಿ ಟಿಪ್ಪರ್ ಓಡಸ್ತೀನಿ. ಹೋದ ವರ್ಷ ಗಾಡಿಯಿಂದ ಇಳಿವಾಗ ಎಡಗಾಲು ಉಳುಕಿ ಭಾಳ ಬಾತು. ಕಂತ್ರಾಟದಾರ ಹೊಸಪೇಟಿಗೆ ಡಾಕ್ಟರ್ ಹತ್ರ ಕಳಿಸಿದ. ಎಕ್ಸ್‌ರೇದಾಗ ಪಾದದ ಒಳಮಗ್ಗಲಿಗೆ ಕಡ್ಲಿಕಾಳಿನಷ್ಟು ಎಲುಬು ಬ್ಯಾರೆ ಕಾಣತಿತ್ತು. ಫಿಲ್ಮ್ ತೆಗೆದಾವ ಮುರದೈತಿ ಅಂದ. ಡಾಕ್ಟರ್ ಹೌದು ಅನಲಿಲ್ಲ, ಅಲ್ಲ ಅನಲಿಲ್ಲ. ಬಲಗಾಲಿಂದೂ ತೆಗೀರಿ ಅಂದ್ರು.

ಅಲ್ಲೇ ನನಗ ಸಂಶೆ ಬಂತು. ನೋವು ಎಡಗಾಲಿಗೆ, ಬಲಗಾಲು ಯಾಕ? ಕಂತ್ರಾಟದಾರ ಕಳಿಸಿದ ಡಾಕ್ಟರ್ ಮುಂದ ನೋವಿದ್ದದ್ದಷ್ಟ ತೋರಸಬೇಕು ಅಂತ ನಮ್ಮ ಡ್ರೈವರ್ ಮಂದಿ ಹೇಳ್ತಾರ. ಕಾಲುನೋವಿಗೆ ಹೋಗಿ ಕಣ್ಣೂ ಮಂಜು ಅಂದಾವನ ಗಣಿಯೊಳಗ ಬಿಡೋ ಗೇಟ್ ಪಾಸೇ ಹೋಗಿತ್ತು. ಎರಡೂ ಕಾಲು ಕೆಟ್ಟಾವು ಅಂತ ತೋರಿಸಿ ನನ್ನೂ ಕೆಲಸ ಬಿಡಸಾಕ ಹೊಂಚ್ಯಾರ ಅಂದ್ಕೊಂಡೆ. ಬ್ಯಾಡ್ರಿ ಅಂದು ಕುಂಟಿಕೋತ ನಮ್ಮೂರು ವಡ್ಡಿಗೆ ಬಂದೆ.

ಮನ್ಯಾಗ ಹೆಂಡ್ತಿ ಉಪ್ಪುನೀರು ಕಾಸಿ ಕಾಲಿಗೆ ಹಾಕಿದ್ಲು. ಎರಡೂ ಪಾದ ಹಿಚುಕಿ ನೋಡಿ, “ಈ ಗಂಟು ಆ ಕಾಲಿಗೂ ಐತಲ್ರಿ. ನಿಮ್ಮವ್ವಗೂ ಹಿಂಗ ಐತಿ” ಅಂದ್ಲು.

ಬೂಟಿಂದ ಬಂದದ್ದು ಅಂದೆ.

“ನಿಮ್ಮವ್ವ ಯಾವ ಟಿಪ್ಪರ್ ಓಡಸಿದ್ಲು?”

ಮರುದಿನ ಹೋಗಿ ಬಲಗಾಲು ಕೊಟ್ಟೆ. ಡಾಕ್ಟರ್ ಎರಡೂ ಫಿಲ್ಮ್ ಜೋಡಿಸಿ ಬೆಳಕಿಗೆ ಹಿಡಿದ್ರು. ಅದ ಜಾಗ, ಅದ ಕಾಳು, ಅಂಚು ನುಣ್ಣಗ. ಮುರಿದಿದ್ರ ಅಂಚು ಒರಟಿರತೈತಿ, ಇದು ಹುಟ್ಟಾ ಬಂದ ಹೆಚ್ಚಿನ ಎಲುಬು, ಕೆಲವ್ರಿಗೆ ಇರತೈತಿ, ನಿಂದು ಬರೇ ಉಳುಕು ಅಂದ್ರು. ಬಲಗಾಲಿನ ಸುದ್ದಿ ಕಂತ್ರಾಟದಾರಗ ಹೇಳಬ್ಯಾಡ್ರಿ ಅಂತ ಕೇಳ್ಕೊಂಡೆ. ಅವರು ನಕ್ಕು, ಅದರಿಂದ ಏನೂ ಆಗಲ್ಲ ಬಿಡು ಅಂದ್ರು. ಹೇಳಲ್ಲ ಅಂತ ಮಾತ್ರ ಅನಲಿಲ್ಲ.

ಬಾವು ಇಳಿದಮ್ಯಾಲ ಕೆಲಸಕ್ಕ ಹೋದೆ. ಕಂತ್ರಾಟದಾರ ಚಾವಿ ಕೈಯಾಗ ಹಿಡಕೊಂಡ ಕುಂತಿದ್ದ.

“ಬ್ರೇಕ್ ಯಾವ ಕಾಲಿಂದ ಒತ್ತತೀಲೇ?”

“ಬಲಗಾಲಿಂದ್ರಿ.”

“ಅದರಾಗೂ ಐತಂತಲ್ಲ?”

“ಇಷ್ಟು ವರ್ಷ ಅದ ಕಾಲಿಂದ ಒತ್ತೀನ್ರಿ.”

ಚಾವಿ ಕೊಟ್ಟ. ಆದ್ರ ನಾನು ಗುಡ್ಡದ ತಿರುವು ಇಳಿಯೋತನಕ ಹೊರಗ ನಿಂತು ನೋಡಿದ. ಇವತ್ತಿಗೂ ನಾನು ಗಾಡಿ ಹತ್ತಾಗ ಮಾರಿ ನೋಡಲ್ಲ, ಕಾಲು ನೋಡ್ತಾನ.

ನಿಮ್ಮ ಮೈಯಾಗೂ ಹಿಂಗ ಹುಟ್ಟಾ ಬಂದದ್ದು ಫಿಲ್ಮಿನಾಗ ಕಂಡು ಕೆಲಸಕ್ಕ ತ್ರಾಸ ಆಗಿದ್ರ ಬರೀರಿ. ಮುಂದ ಏನು ಮಾಡಿದ್ರಿ ಅನ್ನೋದು ನನಗ ತಿಳೀಬೇಕಾಗೇತಿ.